ಮಲಗಿದಾಕಿಯ ಕಾಲು ದಾಟೂದು

ಬೇಡಕಿಹಾಳ, ತಾ. ಚಿಕ್ಕೋಡಿ
ರವಿವಾರ, ೨೦ ಫೆಬ್ರುವರಿ ೧೯೯೪

ಪ್ರೀತಿಯ ಲಕ್ಕೂ,

ನೀ ಹೆಂಗದಿ? ಬಲಗಡೆ ಹೆಗಲ ನೋವು ಹೋತೋ ಇನ್ನೂ ಐತೋ, ಅದನ್ನ ಮೊದಲ ಬರಿ. ಎಣ್ಣಿ ಕಾಸಾಕ ನಿಮ್ಮ ಪೊಲೀಸ್ ತರಬೇತಿ ವಸತಿಗೃಹದಾಗ ಒಲಿ ಇಲ್ಲಂತ ಗೊತ್ತೈತಿ, ಆದ್ರ ಅಡಗಿ ಮಾಡಾವ್ರನ್ನ ಕೇಳಿದ್ರ ಒಂದು ಬಟ್ಟಲ ಕಾಸಿ ಕೊಡೂದಿಲ್ಲೇನು? ಮೈಸೂರಾಗ ರೊಟ್ಟಿ ಸಿಗೂದಿಲ್ಲ, ಮುದ್ದಿ ನುಂಗಾಕ ಕಲತೇನಿ ಅಂತ ಹಿಂದೊಮ್ಮೆ ಬರದಿದ್ದಿ. ಅವ್ವ ಖಡಕ್ ರೊಟ್ಟಿ ಬಡದು ಅರಿವ್ಯಾಗ ಕಟ್ಟಿ ಇಟ್ಟಾಳ, ಶೇಂಗಾದ ಹಿಂಡಿನೂ ಕುಟ್ಯಾಳ. ಆ ಕಡೆ ಹೋಗಾವ್ರು ಯಾರರ ಸಿಕ್ಕರ ಕಳಸ್ತೇನಿ. ಇಲ್ಲೆ ನಾವೆಲ್ಲಾರೂ ಆರಾಮ. ಚನ್ನಿ ಈಗ ಪೂರ್ತಿ ಮಾತಾಡ್ತಾಳ, ಒಂದ ಅಕ್ಷರ ತೊದಲೂದಿಲ್ಲ. ಯಾರರ ಖಾಕಿ ಅಂಗಿ ಹಾಕ್ಕೊಂಡಾವ್ರು ಹಾದಿಯೊಳಗ ಕಂಡ್ರ, ಕಂಡಕ್ಟರ ಇರ್ಲಿ ಟಪಾಲಿನಾಂವ ಇರ್ಲಿ, ‘ನಮ್ಮವ್ವನ ಮಂದಿ’ ಅಂತ ಬೆರಳು ಮಾಡಿ ತೋರಸ್ತಾಳ. ದೊಡ್ಡ ಎಮ್ಮಿ ಈದೈತಿ, ಹೆಣ್ಣಗರ. ಕಾರಖಾನಿ ಟೋಳಿ ಬಂದು ಮ್ಯಾಲಿನ ಹೊಲದ ಕಬ್ಬು ಕಡಕೊಂಡು ಹೋತು, ಕೆಳಗಿನದಕ್ಕ ಇನ್ನೂ ಹದಿನೈದು ದಿನ ಅಂತಾರ. ಅವರ ಹದಿನೈದು ದಿನ ಎಷ್ಟ ದಿನಂತ ನಿನಗ ಗೊತ್ತಿದ್ದದ್ದ ಐತಿ.

ನಿನ್ನ ಕಾರ್ಡ ಬುಧವಾರ ಮುಟ್ಟಿತು. ನಾಕ ಸಾಲು ಬರದಿ. ‘ಜೂಡೋ ಸೆಮಿಫೈನಲ್‌ನಾಗ ಕೊಡಗಿನ ಹುಡುಗಿ ಕಾಲು ದಾಟಿ ಹಿಡದೆ, ಮೂವತ್ತು ಸೆಕೆಂಡು ಬಿಡಲಿಲ್ಲ. ಫೈನಲ್‌ನಾಗ ಸೋತೆ, ಬೆಳ್ಳಿ ಪದಕ ಬಂತು. ನೀವು ಬರದದ್ದ ಖರೇ ಆತು. ಇದನ್ನ ನಿಮಗ ಯಾರು ಹೇಳಿದ್ರು, ವಸ್ತಾದರ? ಅವರಿಗೆ ನನ್ನ ನಮಸ್ಕಾರ ತಿಳಸ್ರಿ.’ ಇಷ್ಟ. ಎರಡು ತಿಂಗಳ ಮ್ಯಾಲ ನಿನ್ನ ಅಕ್ಷರ ನೋಡಿದೆ. ನಾಕ ಸಾಲನ್ನ ಎಷ್ಟ ಸಲ ಓದಬಹುದೋ ಅಷ್ಟ ಸಲ ಓದಿದೆ. ನಮಸ್ಕಾರ ಮುಟ್ಟಬೇಕಾದವರಿಗೆ ಮುಟ್ಟಿಸೇನಿ, ಆದ್ರ ಅವರು ನನಗ ಕುಸ್ತಿ ಕಲಿಸಿದ ವಸ್ತಾದರಲ್ಲ. ಯಾರಂತ ಹೇಳಬೇಕಂದ್ರ ನಡುವಿನದೆಲ್ಲಾ ಹೇಳಬೇಕಾಕ್ಕೈತಿ. ಅದನ್ನ ನಾ ಹೋದ ತಿಂಗಳ ಕಳಿಸಿದ ಇನ್‌ಲ್ಯಾಂಡಿನಾಗ ಬರದಿರಲಿಲ್ಲ. ಅದರಾಗ ಡಾವ ತೋರಸೂ ಗೊಂಬಿ ಚಿತ್ರಕ್ಕ ಜಾಗಾ ಹೋಗಿ ಮಾತಿಗೆ ಉಳೀಲಿಲ್ಲ ಅನ್ನೂದೊಂದು ನೆವ. ಬರಿಯಾಕ ನಾಚಿಕಿ ಬಂದಿತ್ತು ಅನ್ನೂದು ಖರೇ. ನಾ ಬರಿಯೂದು ಮಾತಾಡಿದಂಗ ಇರತೈತಿ, ತಪ್ಪು ಹುಡುಕಬ್ಯಾಡ. ನೀ ಪಿ.ಯು.ಸಿ. ಕಲತಾಕಿ, ನಾ ಏಳನೇತ್ತಕ್ಕ ಪಾಟಿ ಒಗದು ಲಂಗೋಟಿ ಕಟ್ಟಿದಾಂವ.

ನೀ ಡಿಸೆಂಬರದಾಗ ಬರದ ಪತ್ರ ನೆನಪ ಮಾಡ್ಕೋ. ನಿಂತ ಕುಸ್ತಿಯೊಳಗ ನನ್ನ ಯಾರೂ ತಡಿಯೂದಿಲ್ಲ, ಆದ್ರ ಆ ಕೊಡಗಿನ ಹುಡುಗಿ ನಿಂದರೂದ ಇಲ್ಲ, ಅರ್ಧಾ ಡಾವ ಹಾಕಿದಂಗ ಮಾಡಿ ತಾನ ಅಂಗಾತ ಬೀಳ್ತಾಳ, ಬಿದ್ದು ಎರಡೂ ಕಾಲು ನನ್ನ ಕಡೆ ಎತ್ತತಾಳ, ಆ ಕಾಲು ದಾಟಾಕ ನನಗ ಆಗವಲ್ದು, ಅಭ್ಯಾಸದಾಗ ಆರ ಸಲ ಆಕಿ ಕಡೆ ಸೋತೆ ಅಂತ ಬರದಿದ್ದಿ. ಆ ಪತ್ರ ನಾ ಕುಸ್ತಿ ತಾಲೀಮಿನ ಮನಿಗೆ ಒಯ್ದು ಎಲ್ಲಾರ ಮುಂದ ಓದಿದ್ದೆ. ನಿನ್ನ ಪತ್ರ ಬಂದಾಗೊಮ್ಮೆ ಓದತಿದ್ದೆ, ನನ್ನ ಹೆಂಡತಿ ಪೊಲೀಸರೊಳಗ ಕುಸ್ತಿ ಹಿಡಿತಾಳ ಅಂತ ದೊಡ್ಡಸ್ತನ. ಅವತ್ತ ಹುಡುಗೂರೆಲ್ಲಾ ನಕ್ಕರು. ‘ಬಿದ್ದಾಕಿ ಕಡೆ ನಿಂತಾಕಿ ಸೋತ್ಳಂತ, ವೈನಿಗಿ ಕಾಯ್ದೆ ಗೊತ್ತಿಲ್ಲೇನೋ’ ಅಂದ್ರು. ನನಗ ಮುಖಾ ಎತ್ತಾಕ ಆಗಲಿಲ್ಲ. ಆ ಸಿಟ್ಟಿನೊಳಗ ಮನಿಗೆ ಬಂದು ಒಂದು ಕಾರ್ಡಿನಾಗ ಎರಡು ಸಾಲು ಬರದು ಹಾಕಿದೆ. ಆ ಸಾಲು ನಿನಗ ನೆನಪಿರಬೇಕು, ನನಗಂತೂ ಬಾಯಿಪಾಠ ಆಗ್ಯಾವು: ‘ಅಂಗಾತ ಬಿದ್ದಾಕಿ ಮುಂದ ಸೋತೆ ಅಂದ್ರ ಆ ಆಟ ನಿನಗ ಆಗಿಬರೂದಿಲ್ಲ. ಸುಮ್ಮನ ಮನಿಗೆ ಬಾ.’ ಕಾರ್ಡ ಅಂದ್ರ ತೆರದ ಪತ್ರ, ನಿನಗ ಮುಟ್ಟೂಕಿಂತ ಮೊದಲ ಹತ್ತ ಮಂದಿ ಓದಿರಬೇಕು ಅನ್ನೂದೂ ನನಗ ಆವಾಗ ಹೊಳೀಲಿಲ್ಲ. ನನ್ನ ನಕ್ಕಾವ್ರ ಮ್ಯಾಲಿನ ಸಿಟ್ಟು ನಿನ್ನ ಮ್ಯಾಲ ಹಾಕಿದೆ. ಅದು ತಪ್ಪು. ಬರೀಬಾರದಿತ್ತು.

ಆಮ್ಯಾಲ ನೀ ಸುಮ್ಮನಾದಿ. ಟಪಾಲಿನ ದುರಗಪ್ಪ ದಿನಾ ಸೈಕಲ್ ಇಳೀಲಾರದ ನಮ್ಮ ಮನಿ ದಾಟಿ ಹೋಗಾಂವ, ನಾ ಕಟ್ಟಿ ಮ್ಯಾಲ ಕುಂತಿದ್ರೂ ಆ ಕಡೆ ನೋಡಿದಂಗ ಮಾಡ್ತಿದ್ದ. ಹಿಂಗ ಐದು ವಾರ ಹೋದುವು. ಸಂಕ್ರಮಣದ ದಿನ ಅವ್ವ ಎಳ್ಳು ಬೆಲ್ಲ ಹಂಚಾಕ ಓಣಿಗೆ ಹೋದಾಗ ನಾ ನಿನ್ನ ಹಳೇ ಪತ್ರ ಎಲ್ಲಾ ಟ್ರಂಕಿನಿಂದ ತಗದು ಓದಿದೆ. ಮೊದಲನೇ ತಿಂಗಳ ಪತ್ರದಾಗ ನೀ ಜೂಡೋ ಆಟದ ಕಾಯ್ದೆ ಬರದಿದ್ದಿ, ನಾ ಆವಾಗ ಸರಿಯಾಗಿ ಓದಿರಲಿಲ್ಲ. ನಮ್ಮ ಕುಸ್ತಿಯೊಳಗ ಬೆನ್ನು ಮಣ್ಣಿಗೆ ಹತ್ತಿತಂದ್ರ ಮುಗೀತು, ಚಿತ್ ಆದಾಂವ ಎದ್ದು ಮನಿಗೆ ಹೋಗೂದು. ನಿಮ್ಮದರಾಗ ಹಂಗಿಲ್ಲ. ಎತ್ತಿ ಸರಿಯಾಗಿ ಒಗದ್ರ ಗೆದ್ದಂಗ, ಇಲ್ಲಂದ್ರ ನೆಲದ ಮ್ಯಾಲ ಆಟ ನಡದ ಇರತೈತಿ. ಬಿದ್ದಾಕಿನ್ನ ಮೂವತ್ತು ಸೆಕೆಂಡು ಅಮುಕಿ ಹಿಡೀಬೇಕು, ಆದ್ರ ಆಕಿ ಕಾಲು ನಡುವ ಇರಬಾರದು. ಕಾಲು ನಡುವ ಇದ್ರ ಲೆಕ್ಕಕ್ಕಿಲ್ಲ. ಸ್ವಲ್ಪ ಹೊತ್ತು ನೋಡಿ ಪಂಚರು ಇಬ್ಬರನ್ನೂ ಎಬ್ಬಸ್ತಾರ. ಇದನ್ನ ಓದಿದ ಮ್ಯಾಲ ನನಗ ತಿಳೀತು, ಆ ಹುಡುಗಿ ಬೀಳಾಕತ್ತಿಲ್ಲ, ಮಲಗಿದ ಜಾಗಾದಾಗ ಕದಾ ಹಾಕ್ಕೊಳ್ಳಾಕತ್ತಾಳ. ಆ ಕದಾ ನಿನಗ ತೆರಿಯಾಕ ಬರವಲ್ದು. ನನಗೂ ಬರ್ತಿರಲಿಲ್ಲ. ಇಡೀ ಬೇಡಕಿಹಾಳದಾಗ ಯಾರಿಗೂ ಬರ್ತಿರಲಿಲ್ಲ, ಯಾಕಂದ್ರ ಯಾರೂ ಆ ಕದದ ಮುಂದ ನಿಂತಿರಲಿಲ್ಲ.

ಬಾಪುಸಾಹೇಬ ವಸ್ತಾದರ ಹತ್ತಿರ ಹೋಗಿ ಕೇಳಿದೆ. ಅವರು ತಾಲೀಮಿನ ಕಟ್ಟಿ ಮ್ಯಾಲ ಕುಂತು ಬದಾಮ ಅರಿಯಾಕತ್ತಿದ್ರು. ಎಪ್ಪತ್ತೆರಡು ವಯಸ್ಸು, ಬೆನ್ನು ಇನ್ನೂ ಬಾಗಿಲ್ಲ. ನಾ ಹೇಳಿದ್ದನ್ನೆಲ್ಲಾ ಕೇಳಿ, ‘ಅಂಗಾತ ಬಿದ್ದಾವ್ನ ಜೋಡಿ ಏನ ಕುಸ್ತಿ ಹಿಡಿತಿ? ಕುಸ್ತಿ ಮುಗೀತಲ್ಲೋ’ ಅಂದ್ರು. ಅವರ ಆಟದಾಗ ಮುಗಿಯೂದಿಲ್ಲರಿ ಅಂದೆ. ಹಂಗಾರ ಅದು ಕುಸ್ತಿ ಅಲ್ಲ ಅಂತ ಹೇಳಿ ಮತ್ತ ಬದಾಮಿಗೆ ಕೈ ಹಾಕಿದ್ರು. ಅವರು ನನಗ ಅನ್ನಾ ಹಾಕಿದಂಗ ಕುಸ್ತಿ ಹಾಕಿದಾವ್ರು, ಅವರ ಮುಂದ ಎರಡನೇ ಮಾತು ನಾ ಎಂದೂ ಆಡಿಲ್ಲ. ಅವತ್ತೂ ಆಡಲಿಲ್ಲ. ಮರುದಿನ ಮುಂಜಾನೆ ಮಾತು ಬಿಟ್ಟು ಕೆಲಸಾ ಮಾಡಿದೆ, ಅದು ಅವರಿಗೆ ಹೆಚ್ಚಿನ ಸಿಟ್ಟು ತರಿಸಿತು.

ಏನ ಮಾಡಿದೆ ಅಂದ್ರ, ಹುಡುಗೂರು ದಂಡ ಬೈಠಕ ಮುಗಿಸೂ ಹೊತ್ತಿಗೆ ಜಿನ್ನಪ್ಪನ್ನ ಮಣ್ಣಿಗೆ ಕರದೆ. ನಮ್ಮ ಗ್ವಾಡಿ ಮಗ್ಗಲದ ಜಿನ್ನಪ್ಪನ, ನನ್ನ ಜೋಡಿ ಹದಿನಾರು ವರ್ಷ ಒಂದ ಮಣ್ಣಾಗ ಹೊರಳಿದಾಂವ, ನಾ ಅಂದದ್ದಕ್ಕ ಇಲ್ಲ ಅನ್ನಲಾರದಾಂವ. ನೀ ಅಂಗಾತ ಮಲಗು, ಕಾಲು ಎತ್ತು, ನಾ ದಾಟಿ ಬರ್ತೇನಿ ಅಂದೆ. ಅಂವ ಮೊದಲ ನಕ್ಕ. ಆಮ್ಯಾಲ ನಾ ಖರೇನ ಹೇಳಾಕತ್ತೇನಿ ಅಂತ ತಿಳದು ಸುತ್ತಲೂ ನಿಂತ ಹುಡುಗೂರ ಕಡೆ ನೋಡಿದ. ‘ಸತ್ತ್ಯಾ, ಬ್ಯಾರೆ ಏನರ ಹೇಳು ಮಾಡ್ತೇನಿ. ಇದೊಂದು ಬ್ಯಾಡ’ ಅಂದ. ಅವನ ಮ್ಯಾಲ ನನಗ ಸಿಟ್ಟು ಬರಲಿಲ್ಲ. ನಮ್ಮ ಮಣ್ಣಾಗ ತಾನಾಗಿ ಬೆನ್ನು ಹಚ್ಚಿದಾಂವ ಒಬ್ಬನೂ ಇಲ್ಲ. ನನ್ನ ಬೆನ್ನಿಗೆ ಮಣ್ಣು ಹತ್ತಿದ್ದು ಎರಡ ಸಲ, ಒಮ್ಮೆ ರಾಯಬಾಗದಾಗ, ಒಮ್ಮೆ ಅಥಣ್ಯಾಗ. ಎರಡೂ ಊರಾಗ ಎಲ್ಲಾರಿಗೂ ನೆನಪೈತಿ, ಇವತ್ತಿಗೂ ಕೇಳ್ತಾರ. ಹಿಂಗಿದ್ದಾಗ ಜಿನ್ನಪ್ಪಗ ಮಲಗಾಕ ಹೇಳೂದು ಸರಿ ಅಲ್ಲ ಅನಸಿತು. ನಾನ ಮಲಗಿದೆ.

ಮಣ್ಣು ತಣ್ಣಗಿತ್ತು. ಮುಂಜಾನೆ ಮಜ್ಜಿಗಿ, ಎಣ್ಣಿ ಹಾಕಿ ಕೆದರಿದ್ರಲ್ಲ, ಆ ವಾಸನಿ ಬೆನ್ನ ಕಡೆಯಿಂದ ಬಂದಂಗ ಆತು. ಇಷ್ಟ ವರ್ಷ ಹೋದ ತಾಲೀಮಿನ ಮಾಡು ನಾ ಅವತ್ತ ಮೊದಲನೇ ಸಲ ಪೂರ್ತಿ ನೋಡಿದೆ, ಮೂರು ಹಂಚು ಒಡದಾವು. ಜಿನ್ನಪ್ಪ ಬಾ ಅಂದೆ. ಅಂವ ನಾಚಕೋತ ಬಂದ, ಬಗ್ಗಿ ನನ್ನ ಹೆಗಲಿಗೆ ಕೈ ಹಾಕಾಕ ಹೋದ, ನಾ ಒಂದು ಪಾದಾ ಅವನ ಟೊಂಕಕ್ಕ ಇಟ್ಟು ಒತ್ತಿದೆ. ಅಲ್ಲೇ ನಿಂತ. ತೊಂಬತ್ತು ಕೆ.ಜಿ. ಮನಷ್ಯಾ, ಒಂದು ಪಾದಕ್ಕ ನಿಂತ. ಇನ್ನೊಂದು ಕಾಲು ಅವನ ತೊಡಿ ಹಿಂದ ಸುತ್ತಿದೆ. ಅಂವ ಎಡಕ್ಕ ಸರದ್ರ ನಾನೂ ಎಡಕ್ಕ ತಿರಗತಿದ್ದೆ, ಬಲಕ್ಕ ಬಂದ್ರ ಬಲಕ್ಕ. ಅಂವ ನನ್ನ ಸುತ್ತ ದೊಡ್ಡ ಸುತ್ತು ಹಾಕಬೇಕು, ನಾ ಕುಂಡಿ ಮ್ಯಾಲ ಸಣ್ಣ ಸುತ್ತು ತಿರಗಿದ್ರ ಸಾಕು. ಮೂರನೇ ಸಲ ಅಂವ ಸಿಟ್ಟಿಗೆದ್ದು ಎದಿ ಮುಂದ ಮಾಡಿ ನುಗ್ಗಿದ, ನಾ ಎರಡೂ ಕಾಲಿನಿಂದ ಎತ್ತಿ ತಲಿ ಮ್ಯಾಲಿಂದ ಹಿಂದಕ್ಕ ಒಗದೆ. ಹುಡುಗೂರು ನಗಾಕ ಬಾಯಿ ತೆರದಿದ್ರು, ನಗಲಿಲ್ಲ. ನಾ ಮಲಗಿದ್ದಲ್ಲೆ ನಿನ್ನ ನೆನಸಿದೆ. ಆರ ಸಲ ಸೋತಾಕಿಗೆ ಹೆಂಗ ಅನಸಿರಬೇಕು ಅಂತ ಜಿನ್ನಪ್ಪನ ಮುಖದಾಗ ಕಾಣಾಕತ್ತಿತ್ತು.

ವಸ್ತಾದರು ಬಾಗಲದಾಗ ನಿಂತು ಎಲ್ಲಾ ನೋಡಿದ್ರು. ಒಳಗ ಬಂದು, ‘ಸತ್ತೆಪ್ಪಾ, ಈ ಮಣ್ಣಾಗ ಹುಡುಗೂರು ಬೀಳಬಾರದು ಅಂತ ಕಲೀತಾವು. ನಿನ್ನ ಆಟ ನಿನ್ನ ಅಂಗಳದಾಗ ಆಡ್ಕೋ’ ಅಂದ್ರು. ಸಣ್ಣ ದನಿ, ಬೈದಂಗೂ ಇಲ್ಲ. ನಾ ಮಣ್ಣಿಗೆ ಕೈ ಮುಟ್ಟಿಸಿ ಹಣಿಗೆ ಹಚ್ಚಿಕೊಂಡು ಹೊರಗ ಬಂದೆ. ಅವರ ಮಾತು ತಪ್ಪಂತ ನನಗ ಇವತ್ತಿಗೂ ಅನಸೂದಿಲ್ಲ. ಆದ್ರ ನಿನ್ನ ತೊಂದ್ರಿನೂ ಖರೇ. ಎರಡೂ ಖರೇ ಇದ್ದಾಗ ಏನ ಮಾಡಬೇಕು ಅಂತ ನನಗ ಯಾರೂ ಕಲಿಸಿಲ್ಲ.

ಸುದ್ದಿ ಮಧ್ಯಾಹ್ನದೊಳಗ ಊರೆಲ್ಲಾ ಹಬ್ಬಿತು. ಚಾದಂಗಡ್ಯಾಗ ಯಾರೋ, ಹೆಂಡತಿ ಲಾಠಿ ಹಿಡದ್ಳು, ಗಂಡ ಅಂಗಾತ ಬಿದ್ದ ಅಂದ್ರಂತ. ಅವ್ವ ಹಿಟ್ಟಿನ ಗಿರಣಿಯೊಳಗ ಅದನ್ನ ಕೇಳಿ, ಜ್ವಾಳ ಬೀಸಿಸಲಾರದ ಡಬ್ಬಿ ತಿರಗಿ ತಂದ್ಳು. ನೀ ಹೋದಾಗಿಂದ ಅವ್ವ ನಿನ್ನ ಹೆಸರು ಹಿಡದು ಮಾತಾಡಿರಲಿಲ್ಲ, ‘ಆ ಪೊಲೀಸ್ ಬಾಯಿ’ ಅಂತಿದ್ಳು, ಇದನ್ನೂ ನಾ ನಿನಗ ಬರದಿರಲಿಲ್ಲ. ಅವತ್ತ, ಆ ಪೊಲೀಸ್ ಬಾಯಿ ಸಲುವಾಗಿ ನಿನ್ನ ಮಾನಾನೂ ಮಣ್ಣಿಗೆ ಹಾಕಿದಿ ಅಂತ ಅಂದು ನನ್ನ ಜೋಡಿ ಮಾತ ಬಿಟ್ಳು. ರೊಟ್ಟಿ ಮಾತ್ರ ಬಡದು ಹಾಕತಿದ್ಳು.

ನಾನೂ ಜಿನ್ನಪ್ಪನೂ ಹಿತ್ತಲಕ್ಕ ಜಾಗಾ ಬದಲಿ ಮಾಡಿದೆವು. ಕಬ್ಬಿನ ಒಣ ಎಲಿ, ರವದಿ, ಮೊಣಕಾಲುದ್ದ ಹಾಸಿ ಮ್ಯಾಲ ತಾಡಪತ್ರಿ ಎಳದು ನಾಕೂ ಮೂಲ್ಯಾಗ ಕಲ್ಲು ಇಟ್ಟೆವು. ಲಂಗೋಟಿ ಮ್ಯಾಲ ಆಡಿದ್ರ ನಿಮ್ಮ ಆಟ ತಿಳಿಯೂದಿಲ್ಲ, ನೀವು ಅರಿವಿ ಹಿಡಿಯಾವ್ರು. ಅದಕ್ಕ ನಿಪ್ಪಾಣಿ ಸಂತ್ಯಾಗ ಎರಡು ದಪ್ಪನ ಹಳೇ ಖಾಕಿ ಪ್ಯಾಂಟು, ಎರಡು ಹಳೇ ಕೋಟು ತಂದೆ. ಅವನ್ನ ಹಾಕ್ಕೊಂಡು ಇಬ್ಬರು ಮೂವತ್ತೈದು ದಾಟಿದ ಗಂಡಸರು ಹಿತ್ತಲದಾಗ ಒಬ್ಬರ ಕಾಲು ಒಬ್ಬರು ಹಿಡದು ಹೊರಳೂದನ್ನ ನೋಡಿ ಚನ್ನಿ ಒಮ್ಮೆ ಅತ್ಳು, ಆಮ್ಯಾಲ ರೂಢಿ ಆತು. ಜಿನ್ನಪ್ಪ ಅಲ್ಲೆ ಮಲಗಾಕ ಒಪ್ಪಿದ. ನೋಡಾವ್ರು ಯಾರೂ ಇರಲಿಲ್ಲ, ಎಮ್ಮಿ ಬಿಟ್ರ.

ಮೊದಲನೇ ವಾರದಾಗ ನನಗ ಗೊತ್ತಾದದ್ದು ಇದು. ಕಾಲು ಮುಂದ ಇದ್ದಾಗ ಎದಿ ಮುಂದ ಮಾಡಿ ಹೋಗಬಾರದು, ಅದು ಕದಾ ಹಾಕಿದ್ದನ್ನ ನೋಡಿ ತಲಿ ಹಾಯ್ದಂಗ. ನಿಂತಗೊಂಡ, ಮೊಣಕಾಲ ಹತ್ತಿರ ಎರಡೂ ಕಡೆ ಪ್ಯಾಂಟಿನ ಅರಿವಿ ಹಿಡೀಬೇಕು. ಹಿಡದು ಕಾಲನ್ನ ಆಕಿ ಕಡೆ ಒತ್ತಬಾರದು, ಒತ್ತಿದ್ರ ಆಕಿಗೆ ಬಲಾ ಕೊಟ್ಟಂಗ. ಎರಡೂ ಕಾಲು ಒಂದ ಮಗ್ಗಲಿಗೆ ಜಾಡಿಸಿ, ತಾನು ಇನ್ನೊಂದು ಮಗ್ಗಲಿಗೆ ಹಾರಬೇಕು, ಹಾಯೂ ಹೋರಿ ಬಂದಾಗ ಕೋಡು ಆ ಕಡೆ ಬಿಟ್ಟು ನಾವು ಈ ಕಡೆ ಜಿಗಿತೇವಲ್ಲ, ಹಂಗ. ದೂರ ಜಿಗೀಬಾರದು, ಅಕ್ಕಪಕ್ಕ ಇರಬೇಕು. ಇಷ್ಟನ್ನ ಮೂರು ದಿನದಾಗ ಕಲತೆ. ಆದ್ರ ದಾಟಿದ ಮ್ಯಾಲ ಹೆಗಲ ಹಿಡಿಯಾಕ ನಾ ಮುಂದ ಬಗ್ಗಿದ ಕೂಡಲೆ ಜಿನ್ನಪ್ಪ ಟೊಂಕಾ ತಿರಿವಿ ಮೊಣಕಾಲ ನಡುವ ತರತಿದ್ದ. ಮೊಣಕಾಲ ಬಂತಂದ್ರ ಹಿಂದ ಪಾದಾ ಬರತಿತ್ತು. ಮತ್ತ ಮೊದಲಿಂದ ಸುರು. ಹತ್ತ ಸಲ ದಾಟಿದ್ರ ಹತ್ತೂ ಸಲ ಹಂಗ. ಒಂದು ವಾರ ಇದ ಹಣೇಬಾರ. ಕೋಟಿನ ತೋಳು ಹರದು ಹೋದುವು. ನನಗ ಸಾಕಾಗಿತ್ತು. ನಿನಗ ಇನ್ನೊಂದು ಕಾರ್ಡ ಬರದು ತಪ್ಪಾತು ಅಂತ ಹೇಳಿ ಮುಗಿಸಬೇಕು, ಡಾವ ನಿಮ್ಮ ಸಾಹೇಬರ ಕಲಸ್ಲಿ ಅಂತ ವಿಚಾರ ಮಾಡಿದ್ದೆ.

ಜಿನ್ನಪ್ಪಗ ಎರಡನೇ ಕೂಸು ಆಗಿದ್ದು ನಿನಗ ಬರದಿದ್ದೆ, ಗಂಡು. ಓಣಿಯೊಳಗ ಯಾರ ಮನ್ಯಾಗ ಕೂಸು ಆದ್ರೂ ಎರಿಯಾಕ ಅವ್ವನ್ನ ಕರೀತಾರಲ್ಲ, ಹಂಗ ಈ ಕೂಸಿಗೂ ದಿನಾ ಆಕಿನ ಎಣ್ಣಿ ಹಚ್ಚಿ ಎರಿಯಾಕತ್ತಿದ್ಳು. ಅವರ ಮನಿ ಬಚ್ಚಲಾ ಸಣ್ಣದಂತ ನಮ್ಮ ಹಿತ್ತಲಕ್ಕ ತರತಿದ್ರು. ಅವತ್ತೂ ಆಕಿ ಬಚ್ಚಲಗಲ್ಲಿನ ಮ್ಯಾಲ ಕಾಲು ಚಾಚಿ ಕುಂತು, ಕಾಲ ಮ್ಯಾಲ ಕೂಸಿನ್ನ ಅಂಗಾತ ಮಲಗಿಸಿ ಎದಿಗೆ ಎಣ್ಣಿ ತಿಕ್ಕಾಕತ್ತಿದ್ಳು. ಕೂಸು ಎರಡೂ ಕಾಲು ಝಾಡಸಾಕತ್ತಿತ್ತು. ನಾವು ಹತ್ತ ಮಾರು ದೂರ ತಾಡಪತ್ರಿ ಮ್ಯಾಲ ಅದ ಕೆಲಸಾ. ಜಿನ್ನಪ್ಪನ ಮೊಣಕಾಲ ಮತ್ತ ಒಳಗ ಬಂತು, ನಾ ಅದನ್ನ ಕೈಲೆ ಹಿಡದು ತಗಿಯಾಕ ಗುದ್ದಾಡಾಕತ್ತಿದ್ದೆ. ಅವ್ವ ತಲಿ ಎತ್ತಲಿಲ್ಲ. ಮಾತ ಬಿಟ್ಟಾಕಿ ಮಾತಾಡಿದ್ಳು:

‘ಕಾಲಿನ ಬೆನ್ನ ಹತ್ತಿದ್ರ ಕಾಲು ಸಿಗೂದಿಲ್ಲೋ ಮಬ್ಬ್ಯಾ. ಟೊಂಕಾ ಒತ್ತು. ಟೊಂಕಾ ನೆಲಕ್ಕ ಕುಂತ್ರ ಕಾಲು ಎಲ್ಲಿ ಹೊಕ್ಕಾವು?’

ನಾ ಎದ್ದು ಹೋಗಿ ನೋಡಿದೆ. ಆಕಿ ಎಡಗೈ ಅಂಗೈಯನ್ನ ಕೂಸಿನ ತೊಡಿ ಮತ್ತ ಹೊಟ್ಟಿ ಕೂಡೂ ಜಾಗಾದಾಗ ಇಟ್ಟಿದ್ಳು, ಹಗೂರಕ, ಒತ್ತಿದ್ದು ಕಾಣಸತಿರಲಿಲ್ಲ. ಕೂಸಿನ ಕಾಲು ಒಂದ ಕಡೆ ಬಿದ್ದು ಸುಮ್ಮನಾಗಿದ್ವು. ಕೈ ಎತ್ತಿದ್ಳು, ಮತ್ತ ಝಾಡಸಾಕ ಸುರು ಮಾಡ್ತು. ಇಟ್ಳು, ನಿಂತಿತು. ‘ನಲವತ್ತು ವರ್ಷದಾಗ ಎಷ್ಟ ಕೂಸು ಎರದೇನಿ, ಎಲ್ಲಾ ಕೂಸೂ ಒದೀತಾವು’ ಅಂದ್ಳು. ಜಿನ್ನಪ್ಪ ಮಲಗಿದ್ದಲ್ಲಿಂದ, ‘ಕಾಕೂ, ನನ್ನ ಮಗನ್ನ ಜ್ವಾಕಿ’ ಅಂದ. ‘ನಿನ್ನ ಮಗಾ ನಿನಗಿಂತ ಬಲವಾಗಿ ಒದೀತಾನ’ ಅಂದ್ಳು.

ತಾಡಪತ್ರಿಗೆ ತಿರಗಿ ಬಂದು ಮಾಡಿ ನೋಡಿದೆ. ಕಾಲು ಜಾಡಿಸಿ ಮಗ್ಗಲಿಗೆ ಹಾರಿದೆ. ಹೆಗಲಿಗೆ ಹೋಗಲಿಲ್ಲ. ನನ್ನ ಹೆಗಲು, ಎದಿ ಅವನ ಟೊಂಕದ ಮ್ಯಾಲ ಇಳಿಸಿ, ಗಲ್ಲ ಅವನ ಹೊಟ್ಟಿಗೆ ಹಚ್ಚಿ ಸುಮ್ಮನ ಭಾರ ಬಿಟ್ಟೆ. ಅಂವ ತಿರಗಾಕ ನೋಡಿದ, ಆಗಲಿಲ್ಲ. ಮೊಣಕಾಲ ಎತ್ತಿದ, ಅದಕ್ಕ ಬರಾಕ ಹಾದಿ ಇರಲಿಲ್ಲ. ನಾ ಅವಸರ ಮಾಡಲಿಲ್ಲ. ಅವನ ಟೊಂಕಾ ಸುಮ್ಮನಾದ ಮ್ಯಾಲ ಒಂದೊಂದ ಗೇಣು ಮ್ಯಾಲ ಸರದು ಎದಿ ಹಿಡದೆ. ಅವತ್ತ ಎಂಟು ಸಲ ಮಾಡಿದೆವು, ಏಳು ಸಲ ಸಿಕ್ಕ. ಕಣಕ್ಕ ಇಳಿಯೂದು ಬಿಟ್ಟು ಏಳು ವರ್ಷದ ಮ್ಯಾಲ ಹೊಸಾ ಡಾವ ಒಂದು ಕೈಗೆ ಬಂದಂಗ ಆಗಿ ನನಗ ಕಣ್ಣಾಗ ನೀರು ಬಂತು. ಬೆವರಂತ ಜಿನ್ನಪ್ಪಗ ಹೇಳಿದೆ.

ಅವ್ವ ಕೂಸಿಗೆ ಬಿಸಿನೀರು ಹಾಕಿ, ಅರಿವ್ಯಾಗ ಸುತ್ತಿ ತೊಡಿ ಮ್ಯಾಲ ಇಟ್ಕೊಂಡು, ಇದು ಯಾತಕ್ಕ ಬೇಕಾಗೇತಿ ನಿಮಗ ಅಂತ ಕೇಳಿದ್ಳು. ತಾಲೀಮಿನಿಂದ ಹೊರಗ ಹಾಕಿದ ಮ್ಯಾಲ ಹಟಕ್ಕ ಬಿದ್ದು ವಸ್ತಾದರಿಗೆ ತೋರಸಾಕ ಮಾಡಾಕತ್ತಾರ ಅಂತ ಆಕಿ ತಿಳದಿದ್ಳು. ಲಕ್ಕೂ ಸಲುವಾಗಿ ಅಂದೆ. ನೀ ಬರದದ್ದು, ಹುಡುಗೂರು ನಕ್ಕದ್ದು, ನಾ ಕಾರ್ಡಿನಾಗ ಏನ ಬರದೆ ಅನ್ನೂದು, ಎಲ್ಲಾ ಹೇಳಿದೆ. ‘ಹಂಗ ಬರದಿಯೇನ ಆಕಿಗೆ?’ ಅಂದ್ಳು. ಅಷ್ಟ ಅಂದು ಕೂಸಿನ್ನ ಕೊಡಾಕ ಹೋದ್ಳು. ನಿನ್ನ ನೌಕರಿ ಬಗ್ಗೆ ಸಿಟ್ಟಿದ್ದಾಕಿ ಅವತ್ತ ನನ್ನ ಮ್ಯಾಲ ಸಿಟ್ಟು ಮಾಡಿದ್ಳು. ಮರುದಿನದಿಂದ ಕೂಸಿನ್ನ ಎರದ ಮ್ಯಾಲ ಅಲ್ಲೇ ಕುಂತು ನಮ್ಮ ಆಟ ನೋಡಾಕ ಸುರು ಮಾಡಿದ್ಳು. ‘ಭಾರ ಕೈಯಾಗ ಇಡಬ್ಯಾಡ, ಕೈ ನೋವಾಗ್ತಾವು, ಮೈ ಬಿಡು’ ಅಂತ ಆಕಿ ಹೇಳೂದು, ನಾನು ಮಾಡೂದು. ನಾ ಕಳಿಸಿದ ಇನ್‌ಲ್ಯಾಂಡಿನಾಗ ಎರಡು ಗೊಂಬಿ ಬರದು, ಟೊಂಕದ ಮ್ಯಾಲ ಒಂದು ಗುಣಿಸೂ ಗುರುತು ಹಾಕಿದ್ದೆನಲ್ಲ, ಆ ಗುರುತು ಎಲ್ಲಿ ಬರಬೇಕಂತ ಬೆರಳಿಟ್ಟು ತೋರಿಸಿದಾಕಿ ಅವ್ವ. ನಾ ಮೊದಲ ಒಂದು ಬೆರಳು ಮ್ಯಾಲ ಹಾಕಿದ್ದೆ, ಅಳಸಿಸಿದ್ಳು.

ನಿನ್ನ ಕಾರ್ಡ ಬಂದ ದಿನ ಆಕಿ ಶೇಂಗಾ ಸುಲಿಯಾಕತ್ತಿದ್ಳು, ಓದಿ ಹೇಳಿದೆ. ವಸ್ತಾದರಿಗೆ ನಮಸ್ಕಾರ ತಿಳಸ್ರಿ ಅನ್ನೂದು ಬಂದಾಗ, ಬಾಪುಸಾಹೇಬರಿಗೆ ಹೋಗಿ ಹೇಳ್ತಿಯೇನು ಅಂತ ಕೇಳಿದ್ಳು. ಇದು ನಿನಗ ಅಂದೆ. ನನಗ್ಯಾಕ ಅಂತ ಮೊರ ಎತ್ಕೊಂಡು ಒಳಗ ಹೋದ್ಳು. ಸಂಜಿಕೆ ನಾ ಹೊಲದಿಂದ ಬಂದಾಗ ಕಟ್ಟಿ ಮ್ಯಾಲ ನಾಕ ಮಂದಿ ಹೆಂಗಸರು ಕುಂತಿದ್ರು. ಅವ್ವ ಅವರಿಗೆ, ನಮ್ಮ ಲಕ್ಕವ್ವ ಬೆಳ್ಳಿದು ಗೆದ್ದಾಳ, ಬಂಗಾರದ್ದು ಒಂದ ಕೂದಲ ಎಳಿಯೊಳಗ ತಪ್ಪಿತು ಅಂತ ಹೇಳಾಕತ್ತಿದ್ಳು. ಕೂದಲ ಎಳಿ ನೀ ಬರದಿರಲಿಲ್ಲ. ನಾ ತಿದ್ದಾಕ ಹೋಗಲಿಲ್ಲ. ಎಂಟು ತಿಂಗಳ ಮ್ಯಾಲ ನಿನ್ನ ಹೆಸರು ಆಕಿ ಬಾಯಾಗ ಕೇಳಿದೆ.

ತಾಲೀಮಿನದು ಸರಿ ಹೋಗಿಲ್ಲ, ಅದನ್ನೂ ಮುಚ್ಚೂದಿಲ್ಲ. ಹೋದ ವಾರ ಕಾಗವಾಡದಾಗ ಕುಸ್ತಿ ಇದ್ದುವು. ಆರು ವರ್ಷದಿಂದ ಅಲ್ಲೆ ನಾ ಪಂಚ. ಈ ವರ್ಷ ಕರೀಲಿಲ್ಲ. ಮಂದಿಯೊಳಗ ನಿಂತು ನೋಡಿದೆ, ನಮ್ಮ ಹುಡುಗೂರು ಮೂರು ಜೋಡಿ ಗೆದ್ರು. ವಸ್ತಾದರು ನನ್ನ ನೋಡಿದ್ರು, ನಾ ಕೈ ಮುಗದೆ, ಅವರೂ ಗೋಣ ಹಾಕಿದ್ರು. ಮಾತಾಡಲಿಲ್ಲ. ಮುಂದ ಆಡಬಹುದು, ಆಡಲಿಕ್ಕಿಲ್ಲ. ಜಿನ್ನಪ್ಪ ಇನ್ನೂ ತಾಲೀಮಿಗೆ ಹೊಕ್ಕಾನ, ಅವನಿಗೆ ಹೋಗಬ್ಯಾಡ ಅಂತ ಯಾರೂ ಅಂದಿಲ್ಲ, ಅಂಗಾತ ಮಲಗಿದ್ದನ್ನ ಅಂವ ಯಾರಿಗೂ ಹೇಳಿಲ್ಲ. ನನಗ ಮುಂಜಾನೆ ಎದ್ದ ಕೂಡಲೆ ಕಾಲು ಆ ಕಡೆ ಎಳೀತಾವು. ಎಮ್ಮಿ ಹಾಲು ಹಿಂಡಾಕ ಕೂಡತೇನಿ.

ಫೈನಲ್‌ನಾಗ ಹೆಂಗ ಸೋತಿ ಅಂತ ಬರಿ, ಪೂರ್ತಿ ಬರಿ. ನಾ ತಾಲೀಮಿನಾಗ ಓದೂದಿಲ್ಲ. ನಾನೂ ಅವ್ವನೂ ಕುಂತು ಓದತೇವಿ. ಹೆಗಲಿಗೆ ಎಣ್ಣಿ ಹಚ್ಚೂದು ಬಿಡಬ್ಯಾಡ. ಅವ್ವ ನಿನಗ ಆಶೀರ್ವಾದ ತಿಳಸಂದಾಳ, ಕೂದಲ ಉದ್ದ ಬಿಟ್ಟಿಯೋ ಕತ್ತರಿಸ್ಯಾರೋ ಅಂತ ಕೇಳ್ಯಾಳ. ಜಿನ್ನಪ್ಪ ವೈನಿಗಿ ನಮಸ್ಕಾರ ಅಂದಾನ. ಚನ್ನಿ ಈ ಕಾಗದದ ತುದಿಗೆ ಬಳಪದಿಂದ ಗೀರ್‍ಯಾಳ, ಅದು ಹಾಳಾಗಿದ್ದಲ್ಲ, ಆಕಿ ಸಹಿ.

ಜ್ವಾಕಿ ಇರು.

ನಿನ್ನ
ಸತ್ತೆಪ್ಪ

ತಾ.ಕ. — ಸೋಮವಾರ ಮುಂಜಾನೆ. ಪಾಕೀಟ ಅಂಟಸೂದು ಉಳದಿತ್ತು, ನಿಪ್ಪಾಣಿ ಬಸ್ಸಿಗೆ ಹತ್ತ ನಿಮಿಷ ಐತಿ, ಗಡಿಬಿಡಿಯೊಳಗ ಬರೀತೇನಿ. ನಿನ್ನೆ ಸಂಜಿಕೆ ಶೇಡಬಾಳದ ಧನಪಾಲ ಬಂದಿದ್ದ, ನಿನ್ನ ಜೋಡಿ ತರಬೇತಿಗೆ ಇರೂ ರಾಜಮತಿ ಅಣ್ಣ. ತರಬೇತಿ ಮುಗದ ಮ್ಯಾಲ ಯಾವ ಊರಿಗೆ ಬೇಕಂತ ಎಲ್ಲಾರೂ ಫಾರ್ಮ ತುಂಬಿ ಕೊಟ್ಟಾರಂತ, ನಿಂದೊಂದ ಖಾಲಿ ಐತಂತ, ೨೮ ಕಡೀ ದಿನ ಅಂತ. ಜೂಡೋ ಸಾಹೇಬರು ಬೆಂಗಳೂರಿಗೆ ಬಾ, ಟೀಮಿನಾಗ ಇಡತೇನಿ ಅಂದ್ರೂ ನೀ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ ಅಂತ. ನನಗ ಯಾಕ ಬರೀಲಿಲ್ಲ ಅಂತ ಕೇಳೂದಿಲ್ಲ, ನನಗ ಗೊತ್ತೈತಿ. ರಾತ್ರಿ ಊಟಕ್ಕ ಕುಂತಾಗ ಅವ್ವಗ ಹೇಳಿದೆ. ಆಕಿ ತಾನೂ ಚನ್ನಿ ಕರಕೊಂಡು ನಿನ್ನ ಕಡೆ ಬಂದು ಇರತೇನಿ ಅಂದ್ಳು, ಕ್ವಾರ್ಟರ್ಸಿನಾಗ ನೀರು ಎರಡೂ ಹೊತ್ತು ಬರತಾವೇನು ಅಂತಷ್ಟ ಕೇಳಿದ್ಳು. ಎಮ್ಮಿ ಜಿನ್ನಪ್ಪ ನೋಡ್ಕೋತಾನ. ಕಬ್ಬಿನ ಹೊತ್ತಿಗೆ ನಾ ಇಲ್ಲೆ, ಉಳದ ಹೊತ್ತಿಗೆ ಅಲ್ಲೆ. ನನ್ನ ಇನ್ನೊಂದು ಪತ್ರದ ಹಾದಿ ನೋಡಬ್ಯಾಡ, ೨೮ರೊಳಗ ಮುಟ್ಟೂದಿಲ್ಲ. ಯಾವ ಊರು ಬೇಕೋ ಅದನ್ನ ಬರದು ಕೊಟ್ಟು ಬಿಡು, ಆಮ್ಯಾಲ ನನಗ ತಿಳಸು. ಬಸ್ಸು ಬಂತು.